ಪಟ್ಟದ ಬೊಂಬೆಯ ಜೊತೆ ಮಂಗಳೂರಿಗೆ

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ಎರಡು ಇಡ್ಲಿ, ಒಂದು ವಡೆ, ಪಾರ್ಸೆಲ್. ಬಟ್ಟೆ ಒಗೆದೆ. ನಾಲ್ಕು ಶರ್ಟು ಇಸ್ತ್ರಿ. ಹನ್ನೊಂದಕ್ಕೆ ಶಾಲಿನಿಯ ಫೋನ್. ಹೆಂಡತಿಗೂ ನನಗೂ ಈಗ ಭಾನುವಾರ ಹನ್ನೊಂದು ಗಂಟೆ ಅಂತ ಟೈಮ್ ಫಿಕ್ಸ್ ಆಗಿಬಿಟ್ಟಿದೆ. ಇವತ್ತು ಒಂಬತ್ತು ನಿಮಿಷ. ಮೊದಮೊದಲು ಮುಕ್ಕಾಲು ಗಂಟೆ ಆಗುತ್ತಿತ್ತು.

ಗ್ಯಾಸ್ ಬುಕ್ ಮಾಡಿದ್ರಾ? ಮಾಡಿದೆ. ಮನೆ ಓನರ್ ಪಾರ್ವತಮ್ಮನವರ ಮಂಡಿ ನೋವು? ಹಾಗೇ ಇದೆ. ಮಳೆ? ಇಲ್ಲ. ಅಲ್ಲಿ? ಸುರೀತಾ ಇದೆ. ಇನ್ನೇನು ಇಡಬೇಕು, ಆಗ ಏನೋ ನೆನಪಾದವಳ ಹಾಗೆ —

"ಆಪ್ಷನ್ ಫಾರ್ಮ್ ಬಂದಿದೆ ಕಣ್ರೀ. ನವೆಂಬರಿಗೆ ನಂದು ಇಲ್ಲಿ ಮೂರು ವರ್ಷ ಮುಗಿಯುತ್ತಲ್ಲ. ಮೈಸೂರಿಗೆ ವಾಪಸ್ಸಾ, ಇನ್ನೂ ಮೂರು ವರ್ಷ ಮಂಗಳೂರೇನಾ ಅಂತ ಟಿಕ್ ಮಾಡಿ ಕೊಡ್ಬೇಕು. ಅಕ್ಟೋಬರ್ ಆರು ಲಾಸ್ಟ್ ಡೇಟು. ಏನ್ ಮಾಡ್ಲಿ?"

"ನಿನ್ನಿಷ್ಟ" ಅಂದೆ.

ಆ ಕಡೆ ಕಾಗದ ಮಡಚಿದ ಸದ್ದು. ಆಮೇಲೆ "ಸರಿ, ಇಡ್ತೀನಿ."

ಮಧ್ಯಾಹ್ನವಿಡೀ ನನ್ನನ್ನು ನಾನೇ ಬೈದುಕೊಂಡೆ. ಮೂರು ವರ್ಷದ ಹಿಂದೆ ಅವಳ ಇನ್ಶೂರೆನ್ಸ್ ಆಫೀಸಿನಲ್ಲಿ ಪ್ರಮೋಷನ್ ಕೊಟ್ಟು ಮಂಗಳೂರಿಗೆ ಹಾಕಿದಾಗಲೂ ಹೀಗೇ ಕೇಳಿದ್ದಳು. ಆಗಲೂ ಇದೇ ಉತ್ತರ. ದೊಡ್ಡ ಮನಸ್ಸು ಮಾಡಿದೆ ಅಂತ ನಾನು ಅಂದುಕೊಂಡೆ. ಅವಳು ಏನಂದುಕೊಂಡಳು ಅಂತ ಇವತ್ತಿಗೂ ಕೇಳಿಲ್ಲ. ಹೋಗಬೇಡ ಅನ್ನಲಿಲ್ಲ. ಈಗ ವಾಪಸ್ ಬಾ ಅನ್ನಲೂ ಆಗುತ್ತಿಲ್ಲ. ಎರಡೇ ಪದ. ಹಾಳಾದ್ದು, ಬಾಯಿಗೇ ಬರುವುದಿಲ್ಲ.


ಸೆಪ್ಟೆಂಬರ್ 17, ಬುಧವಾರ

ರಜೆ ಹಾಕಿದೆ. 27, 29, 30. ನಡುವೆ ಭಾನುವಾರ.

ಮ್ಯಾನೇಜರ್ ಕನ್ನಡಕ ತೆಗೆದು ನೋಡಿದರು. ಕಡಕೊಳದ ಈ ರಟ್ಟಿನ ಡಬ್ಬದ ಫ್ಯಾಕ್ಟರಿಯಲ್ಲಿ ಇಪ್ಪತ್ತಮೂರು ವರ್ಷ. ಮೇಂಟೆನೆನ್ಸ್ ಇನ್‌ಚಾರ್ಜ್ ಆಗಿ ಹನ್ನೊಂದು. ದಸರಾದಲ್ಲಿ ಒಂದು ದಿನ ರಜೆ ಹಾಕಿದವನಲ್ಲ. ಆಯುಧಪೂಜೆಯ ಹಿಂದಿನ ವಾರ ಅಂದರೆ ಮೆಷಿನ್ ಬಿಚ್ಚಿ, ತೊಳೆದು, ಎಣ್ಣೆ ಕೊಟ್ಟು, ಪೇಂಟ್ ಬಳಿದು ಮದುವಣಗಿತ್ತಿ ಮಾಡುವ ಕಾಲ. "ಕಾರಣ?" ಅಂದರು. "ಟೂರ್ ಸರ್, ಮಂಗಳೂರು. ಸಮುದ್ರ ನೋಡ್ಬೇಕು ಅಂತ" ಅಂದೆ.

ಮಂಟಯ್ಯ ನನ್ನ ಅಸಿಸ್ಟೆಂಟ್. ಬಾಗಿಲ ಹೊರಗೇ ನಿಂತಿದ್ದ. "ಎಂಡ್ತಿ ಮನೇಗೋಗಕ್ಕೆ ಟೂರು ಅಂತೀರಲ್ಲ ಸಾರ್. ನಾಚ್ಕೆ ಯಾಕೆ? ನಾನ್ ನೋಡ್ಕತೀನಿ, ನೀವೋಗಿ."

ನಾಚಿಕೆ ಅದಕ್ಕಲ್ಲ. ಈ ಮೂರು ವರ್ಷದಲ್ಲಿ ಒಂದು ಸಲವೂ ಹೋಗಿಲ್ಲ. ಅವಳೇ ಬರುತ್ತಿದ್ದಳಲ್ಲ ಅಂತ. ಮೊದಲು ಹದಿನೈದು ದಿನಕ್ಕೊಮ್ಮೆ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಹಬ್ಬಕ್ಕೆ. ಈ ಸಲ ಗೌರಿ ಹಬ್ಬಕ್ಕೂ ಬರಲಿಲ್ಲ.

ಸಂಜೆ ಫೋನ್ ಮಾಡಿ ಹೇಳಿದೆ. ಮೂರು ನಾಲ್ಕು ದಿನ ರಜೆ ಇದೆ, ಸಮುದ್ರ ನೋಡೋಣ ಅಂತ. "ನೀವಾ? ದಸರಾದಲ್ಲಾ?" ಅಂದಳು. ಖುಷಿಯೋ ಅನುಮಾನವೋ, ಫೋನಿನಲ್ಲಿ ಗೊತ್ತಾಗಲಿಲ್ಲ.


ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಪಾರ್ವತಮ್ಮ ಮೇಲಿನಿಂದಲೇ ಕೂಗಿದರು. "ರವಿಚಂದ್ರ, ಈ ಸಲ ಬೊಂಬೆ ಕೂರ್ಸಲ್ವೇನಪ್ಪಾ? ಶಾಲಿನಿ ಬರಲ್ವಂತೆ?"

"ಕೂರಿಸ್ತೀನಿ" ಅಂದುಬಿಟ್ಟೆ. ಯಾಕೆ ಅಂದೆನೋ.

ಅಟ್ಟದಿಂದ ಟ್ರಂಕ್ ಇಳಿಸಿದೆ. ಶಾಲಿನಿಯ ಕೈಬರಹದ ಚೀಟಿಗಳು — "ಮೈಸೂರು ಸೆಟ್", "ಮದುವೆ ಮನೆ", "ಸೊಂಡಿಲು ಮುರಿದ ಆನೆ, ಹಿಂದಕ್ಕೆ ಇಡುವುದು". ಹಳೆಯ ಸೀರೆಯಲ್ಲಿ ಒಂದೊಂದನ್ನೂ ಸುತ್ತಿಟ್ಟಿದ್ದಾಳೆ. ಸೀರೆಗಳಲ್ಲಿ ಅವಳ ವಾಸನೆ. ಅಲ್ಲೇ ಕೆಳಗೆ ಕೂತುಬಿಟ್ಟೆ. ಬೇಕು ಅನ್ನಿಸುತ್ತದೆ. ಇವಳು ಈ ಮನೆಯಲ್ಲಿ ಓಡಾಡಿಕೊಂಡು ಇರಬೇಕು, ಗೊಣಗಬೇಕು, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ದಕ್ಕೆ ನನ್ನನ್ನು ಬೈಯಬೇಕು. ಅಷ್ಟೇ ಬೇಕಾಗಿರುವುದು.

ಏಳು ಮೆಟ್ಟಿಲು. ಪ್ಲೈವುಡ್, ಕಬ್ಬಿಣದ ಆ್ಯಂಗಲ್. ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆ, ಒಂದು ಗೆರೆ ಆಚೆ ಈಚೆ ಇಲ್ಲ. ಇಡೀ ಚಾಮರಾಜಪುರಂನಲ್ಲಿ ಇಷ್ಟು ಮಟ್ಟಸವಾಗಿ ಕೂತ ಬೊಂಬೆ ಇರಲಾರದು.


ಸೆಪ್ಟೆಂಬರ್ 22, ಸೋಮವಾರ

ಬೆಳಿಗ್ಗೆ 6. ಪಟ್ಟದ ಬೊಂಬೆ ಕೂರಿಸಿದೆ. ರಾಜ, ರಾಣಿ. ಮರದ್ದು, ಮೊಳಕ್ಕಿಂತ ಸ್ವಲ್ಪ ಚಿಕ್ಕದು. ಹತ್ತೊಂಬತ್ತು ವರ್ಷದ ಹಿಂದೆ ಮದುವೆಯಲ್ಲಿ ಶಾಲಿನಿಯ ಅಮ್ಮ ಮಡಿಲಿಗೆ ಹಾಕಿ ಕಳಿಸಿದ್ದು. ರಾಣಿಗೆ ಸೀರೆ ಉಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ನೆರಿಗೆ ನಿಲ್ಲಲೊಲ್ಲದು. ಕಡೆಗೆ ಒಳಗಡೆಯಿಂದ ಟೇಪ್ ಅಂಟಿಸಿದೆ.

ಅಕ್ಕ ಮಾದೇವಮ್ಮ ಅಗ್ರಹಾರದಿಂದ ಬಂದು ಕಳಶ ಇಟ್ಟು ಆರತಿ ಮಾಡಿದಳು. ನಾನು ಊರಿಗೆ ಹೋದಾಗಲೂ ದಿನಾ ಸಂಜೆ ಬಂದು ಆರತಿ ಮಾಡುತ್ತಾಳಂತೆ. ಒಂದು ಕೀ ಅವಳ ಹತ್ತಿರ. "ಗಂಡಸು ಬೊಂಬೆ ಕೂರ್ಸಿರೋದು ನಾನ್ ಇದೇ ಫಸ್ಟು ನೋಡ್ತಿರೋದು ಕಣೋ" ಅಂದಳು. ಹೋಗುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಗುವಿಗೋ ಅಳುವಿಗೋ.


ಸೆಪ್ಟೆಂಬರ್ 25, ಗುರುವಾರ

ಸಂಜೆ ಬೀದಿಯ ಹುಡುಗಿಯರು ಬೊಂಬೆ ನೋಡಲು ಬಂದರು. ಬೇಕರಿಯಿಂದ ತಂದ ಕೋಡುಬಳೆ ಬಾಗಿನ ಕೊಟ್ಟೆ. "ಅಂಕಲ್, ಆಂಟಿ ಎಲ್ಲಿ? ಆಂಟಿ ರವೆ ಉಂಡೆ ಕೊಡ್ತಿದ್ರು." ಮುಂದಿನ ವರ್ಷ ಕೊಡ್ತಾರೆ ಅಂದೆ.

ಅವರು ಹೋದ ಮೇಲೆ ಒಬ್ಬನೇ ಬೊಂಬೆಯ ಮುಂದೆ ಕೂತೆ. ಶಾಲಿನಿ ಬೊಂಬೆ ಇಲ್ಲದೆ ದಸರಾ ಮಾಡುತ್ತಿರುವುದು ಇದೇ ಮೊದಲು. ಈ ರಾಜ ರಾಣಿಯನ್ನೇ ತೆಗೆದುಕೊಂಡು ಹೋದರೆ? ನೋಡಿದ ಕೂಡಲೇ ಅವಳಿಗೆ ಮನೆ ನೆನಪಾಗುತ್ತದೆ. ನನಗೆ ಬಾ ಅನ್ನಲು ಬರುವುದಿಲ್ಲ. ಬೊಂಬೆಯಾದರೂ ಕರೆಯಲಿ.

ಒಳ್ಳೆ ಐಡಿಯಾ. ಯಾರಿಗೂ ಹೇಳುವುದು ಬೇಡ.


ಸೆಪ್ಟೆಂಬರ್ 27, ಶನಿವಾರ

ಬೆಳಿಗ್ಗೆ 5.15. ರಾಜ ರಾಣಿ ಟವೆಲ್‌ನಲ್ಲಿ. ಏರ್‌ಬ್ಯಾಗಿನಲ್ಲಿ ನನ್ನ ಎರಡು ಪ್ಯಾಂಟಿನ ನಡುವೆ. ಮೈಸೂರು ಪಾಕ್ ಅರ್ಧ ಕೆ.ಜಿ. ವೀಳ್ಯದೆಲೆ ಒಂದು ಕಟ್ಟು, ಇಲ್ಲಿಯದೇ ಎಲೆ ಅಂದರೆ ಅವಳಿಗೆ ಪ್ರಾಣ.

8.40. ಕುಶಾಲನಗರ. ಎದುರಿನಿಂದ ಬರುವ ಗಾಡಿಗಳೆಲ್ಲ ಮೈಸೂರಿಗೆ. ಪ್ರಪಂಚವೆಲ್ಲ ದಸರಾ ನೋಡಲು ನಮ್ಮೂರಿಗೆ ನುಗ್ಗುತ್ತಿದೆ, ನಾನೊಬ್ಬ ಉಲ್ಟಾ. ಬ್ಯಾಗು ತೊಡೆಯ ಮೇಲೆ. ಕಂಡಕ್ಟರ್ ಎರಡು ಸಲ ಮೇಲಿಡಿ ಅಂದ. ಇಡಲಿಲ್ಲ.

11.20. ಸಂಪಾಜೆ ಘಾಟಿ ಇಳಿದಾಯಿತು. ಸೆಕೆ ಶುರು. ಅವಳಿಗೆ ಹೇಳಬೇಕಾದದ್ದನ್ನು ಪ್ರಾಕ್ಟೀಸ್ ಮಾಡುತ್ತಿದ್ದೇನೆ. "ವಾಪಸ್ ಬಾ." "ಬಂದುಬಿಡು." "ನೋಡು, ನೀನು ಬಂದರೆ ಚೆನ್ನಾಗಿರುತ್ತೆ." ಯಾವುದೂ ನನ್ನ ದನಿಯ ಹಾಗಿಲ್ಲ.

ಸಂಜೆ 5. ಏನೋ ತಪ್ಪಾಗಿದೆ. ಏನು ಅಂತ ಗೊತ್ತಾಗುತ್ತಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಸ್ಕೂಟರ್ ಓಡಿಸುತ್ತಾಳೆ! ಮೈಸೂರಿನಲ್ಲಿ ಹಿಂದೆ ಕೂರಲೂ ಹೆದರುತ್ತಿದ್ದವಳು. ಕಪ್ಪಾಗಿದ್ದಾಳೆ, ತೆಳ್ಳಗಾಗಿದ್ದಾಳೆ, ಕೂದಲು ಕತ್ತರಿಸಿದ್ದಾಳೆ. ಚೆನ್ನಾಗಿ ಕಾಣುತ್ತಾಳೆ. ಹೇಳಲಿಲ್ಲ. ಉರ್ವದಲ್ಲಿ ಎರಡನೇ ಮಹಡಿಯ ಪುಟ್ಟ ಫ್ಲ್ಯಾಟ್. ಅನ್ನ, ಸಾರು, ಹುರುಳಿಕಾಯಿ ಪಲ್ಯ ಮಾಡಿಟ್ಟಿದ್ದಳು. ಊಟ ಮಾಡುತ್ತಾ ನಕ್ಕಳು, ಮಾತಾಡಿದಳು. ಎಲ್ಲ ಸರಿಯಾಗಿತ್ತು.

ಊಟ ಆದಮೇಲೆ ಬ್ಯಾಗ್ ತೆಗೆದು "ನೋಡು ಏನು ತಂದಿದೀನಿ" ಅಂತ ಟವೆಲ್ ಬಿಚ್ಚಿದೆ.

ಮುಖ ಇದ್ದಕ್ಕಿದ್ದ ಹಾಗೆ ಬಿಳುಚಿಕೊಂಡಿತು. "ಇದನ್ನ... ನೀವೇ ತಂದ್ರಾ?"

"ಹೂಂ. ನಿನ್ನದಲ್ವಾ? ನಿನ್ನ ಹತ್ರ ಇರ್ಲಿ ಅಂತ."

ಮತ್ತೆ ಟವೆಲ್ ಸುತ್ತಿದಳು. ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಗಂಟೆ ಆಯಿತು. ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ವಾಷರ್ ಬದಲಾಯಿಸಿದೆ. ಇನ್ನೇನು ಮಾಡಲಿ.

7.30. ಗೊತ್ತಾಯಿತು.

ಅಕ್ಕನ ಫೋನ್. ಕಿರುಚುತ್ತಿದ್ದಳು. "ರವಿ, ಮನೇಲಿ ಕಳ್ಳತನ ಆಗ್ಬುಟ್ಟಿದೆ ಕಣೋ! ಆರತಿ ಮಾಡಣ ಅಂತ ಬಂದ್ರೆ ಪಟ್ಟದ ಬೊಂಬೇನೇ ಇಲ್ಲ! ಟಿವಿ ಇದೆ, ಬೆಳ್ಳಿ ದೀಪ ಇದೆ, ಬರೀ ರಾಜ ರಾಣೀನ ಕದ್ದವ್ರೆ!"

"ಕಳ್ಳತನ ಅಲ್ಲಕ್ಕ. ನಾನೇ ತಂದೆ. ಶಾಲಿನಿಗೆ ಕೊಡೋಣ ಅಂತ."

ಅಕ್ಕನ ದನಿ ತಗ್ಗಿತು. ಅಕ್ಕನ ದನಿ ತಗ್ಗುವುದು ಅಂದರೆ ಸಾಮಾನ್ಯ ಅಲ್ಲ.

"ಕೊಟ್ಬುಟ್ಟಾ?"

"ಕೊಟ್ಟೆ."

"ಅಯ್ಯೋ ದಡ್ಡ ಮುಂಡೇದೇ! ಕೂರ್ಸಿದ ಪಟ್ಟದ ಬೊಂಬೇನ ದಶಮಿ ತನಕ ಅಲ್ಲಾಡುಸ್ಬಾರ್ದು, ಅದೊಂದು. ಅದು ಹೆಣ್ಣಿನ ತೌರಿಂದ ಬಂದಿದ್ದು ಕಣೋ. ಅವ್ಳು ಬಾಳೋ ತನಕ ಗಂಡನ ಮನೇಲಿ ಇರ್ಬೇಕು. ಗಂಡ ಅದನ್ನ ತಗೊಂಡೋಗಿ ಎಂಡ್ತಿ ಕೈಗೆ ಕೊಟ್ಟ ಅಂದ್ರೆ, ನಂಗೂ ನಿಂಗೂ ಮುಗೀತು, ನಿನ್ನ ಸಾಮಾನು ನೀನ್ ತಗೋ ಅಂತ ಅರ್ಥ. ನಮ್ಮ ದೊಡ್ಡತ್ತೆ ಮಗಳನ್ನ ಬುಟ್ಟಾಗ ಗಂಡನ ಮನೆಯವ್ರು ಮೊದ್ಲು ವಾಪಸ್ ಕಳ್ಸಿದ್ದು ಏನು? ಬೊಂಬೆ! ನಿಂಗೊತ್ತಿಲ್ವಾ?"

ಗೊತ್ತಿಲ್ಲ. ನನಗೆ ಹೇಗೆ ಗೊತ್ತಿರಬೇಕು? ನಿಜ ಹೇಳಬೇಕೆಂದರೆ, ಕೇಳಿರಲೇ ಇಲ್ಲ.

ಬಾಲ್ಕನಿಯಿಂದ ಒಳಗೆ ಬಂದೆ. ಶಾಲಿನಿ ಅಡುಗೆಮನೆಯಲ್ಲಿದ್ದಳು. ಕಣ್ಣು ಕೆಂಪಗಿತ್ತು. "ರಾತ್ರಿಗೆ ಚಪಾತಿ ಸಾಕಾ?" ಅಂದಳು. ಸಾಕು ಅಂದೆ. ಥೂ, ಆಗಲೇ ಹೇಳಬೇಕಿತ್ತು. ಹೇಳದೆ ಅವಳ ಮಿಕ್ಸಿಯ ವೈರ್ ಬಿಚ್ಚಿ ಕೂತೆ.

"ರಿಪೇರಿಗೆ ಬಂದ್ರಾ, ನನ್ನ ನೋಡಕ್ಕೆ ಬಂದ್ರಾ?"

ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು.


ಸೆಪ್ಟೆಂಬರ್ 28, ಭಾನುವಾರ

ಬೆಳಿಗ್ಗೆ ಐದೂಮುಕ್ಕಾಲಿಗೆ ಎಬ್ಬಿಸಿದಳು. "ಸಮುದ್ರ ನೋಡಕ್ಕಲ್ವಾ ಬಂದಿದ್ದು? ಏಳಿ." ದನಿಯಲ್ಲಿ ಬೆಚ್ಚಗಿನದು ಏನೂ ಇರಲಿಲ್ಲ. ಅತಿಥಿಗೆ ಹೇಳಿದ ಹಾಗಿತ್ತು.

ಪಣಂಬೂರು ಬೀಚ್. ದಾರಿಯಲ್ಲಿ ಬೈಕಂಪಾಡಿ — ಸಾಲು ಸಾಲು ಫ್ಯಾಕ್ಟರಿ. ಒಂದು ಕಡೆ ಕಂಪ್ರೆಸರ್ ಸದ್ದು ಕೇಳಿ ಬೇರಿಂಗ್ ಹೋಗಿದೆ ಅಂದೆ. ಶಾಲಿನಿ ನಗಲಿಲ್ಲ.

ಸಮುದ್ರ ನಾನು ನೋಡಿಲ್ಲವೆಂದಲ್ಲ, ಸ್ಕೂಲ್ ಟೂರಿನಲ್ಲಿ ನೋಡಿದ್ದೆ. ಆದರೆ ಇವತ್ತು ನೋಡಿದ್ದು ಬೇರೆ. ಅಲ್ಲಿ ಅವಳ ಆಫೀಸಿನ ಸುಷ್ಮಿತಾ, ಇನ್ನಿಬ್ಬರು ಕಾಯುತ್ತಿದ್ದರು. ಪ್ರತಿ ಭಾನುವಾರ ಬರುತ್ತಾರಂತೆ. ನಾಲ್ಕೂ ಜನ ಕೈ ಕೈ ಹಿಡಿದು ನೀರಿಗೆ ಇಳಿದರು. ಮಳೆಗಾಲದ ರೊಚ್ಚು ಇನ್ನೂ ಇಳಿದಿಲ್ಲ. ಲೈಫ್‌ಗಾರ್ಡ್ ಸೀಟಿ ಊದುತ್ತಲೇ ಇದ್ದ. ಮೊಣಕಾಲು, ತೊಡೆ, ಸೊಂಟ. ಅಲೆ ಬಂದಾಗ ನಾಲ್ವರೂ ಒಟ್ಟಿಗೆ ಎಗರುವುದು, ಕಿರುಚುವುದು. ಶ್ರೀರಂಗಪಟ್ಟಣದ ಸಂಗಮದಲ್ಲಿ ಪಾದ ಮುಳುಗಿದರೆ ನನ್ನ ತೋಳು ಹಿಡಿದು ಜಗ್ಗುತ್ತಿದ್ದವಳು. ಅಷ್ಟು ಜೋರಾಗಿ ಅವಳು ನಕ್ಕಿದ್ದನ್ನು ನಾನು ಯಾವತ್ತು ಕೇಳಿದ್ದೆ? ನೆನಪು ಮಾಡಿಕೊಂಡೆ. ಬರಲಿಲ್ಲ.

ಮರಳಿನಲ್ಲಿ ನಾಲ್ಕು ಜೊತೆ ಚಪ್ಪಲಿ ಕಾಯುತ್ತಾ ಕೂತಿದ್ದೆ. ಹೊಟ್ಟೆಕಿಚ್ಚಾಯಿತು. ಸಮುದ್ರದ ಮೇಲೆ.

ಸುಷ್ಮಿತಾ ಮೊದಲು ಆಚೆ ಬಂದರು. "ನೀವು ಬಂದದ್ದು ಒಳ್ಳೇದಾಯ್ತು ಮಾರಾಯ್ರೇ. ಇವಳು ಯಾವಾಗ ನೋಡಿದ್ರೂ ನಿಮ್ಮ ಸುದ್ದಿಯೇ. ಅವರು ಇದ್ದಿದ್ದರೆ ಈ ಫ್ಯಾನ್ ಸರಿ ಮಾಡ್ತಿದ್ರು, ಅವರು ಇದ್ದಿದ್ದರೆ ಈ ಲಾಕ್ ಸರಿ ಮಾಡ್ತಿದ್ರು ಅಂತ. ನಾವು ನೋಡಲಿಕ್ಕೆ ಕಾಯ್ತಾ ಇದ್ದೆವು, ಈ ಜನ ಯಾರು ಅಂತ."

ಅವರೆಲ್ಲ ಕಾಫಿಗೆ ಹೋದರು. ಶಾಲಿನಿ ಬಂದು ಪಕ್ಕದಲ್ಲಿ ಕೂತಳು. ಒದ್ದೆ. ನಡುಗುತ್ತಿದ್ದಳು. ಈಗ ಹೇಳದಿದ್ದರೆ ಇನ್ನು ಯಾವಾಗಲೂ ಇಲ್ಲ ಅನ್ನಿಸಿತು.

"ಬೊಂಬೆ ಕೊಟ್ಟರೆ ಹಂಗೆ ಅರ್ಥ ಅಂತ ನಂಗೆ ಗೊತ್ತಿರ್ಲಿಲ್ಲ ಶಾಲಿನಿ. ಅಕ್ಕ ನಿನ್ನೆ ಫೋನಲ್ಲಿ ಹೇಳಿದ್ಲು. ದೇವರಾಣೆ ಗೊತ್ತಿರ್ಲಿಲ್ಲ. ಅದನ್ನ ನೋಡಿದ್ರೆ ನಿಂಗೆ ಮನೆ ನೆನಪಾಗುತ್ತೆ ಅಂತ ತಂದಿದ್ದು."

ಕೂದಲಿನ ನೀರು ಹಿಂಡಿದಳು.

"ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಾನು. ಅಮ್ಮ ಕೊಟ್ಟಿದ್ದನ್ನೇ ವಾಪಸ್ ತಂದ್ಕೊಟ್ಬುಟ್ರು, ಇನ್ನು ಪೇಪರ್ ಒಂದು ಬರ್ಬೇಕು ಅಂದ್ಕೊಂಡೆ. ಅದನ್ನ ನಗ್ತಾ ನಗ್ತಾ ಕೊಡ್ತಾರಲ್ಲ ಮಾರಾಯ ಅಂತ..." ಆಮೇಲೆ ಒಮ್ಮೆಲೇ ಸಿಟ್ಟು. "ಹತ್ತೊಂಬತ್ತು ವರ್ಷ ಬೊಂಬೆ ಕೂರ್ಸಿದೀನಿ ಕಣ್ರೀ ಆ ಮನೇಲಿ. ಒಂದು ಸಲ, ಒಂದೇ ಒಂದು ಸಲ ಹತ್ರ ಬಂದು, ಇದೇನು, ಯಾಕೆ ಅಂತ ಕೇಳಿದ್ರಾ?"

"ಇಲ್ಲ."

"ಈ ಸಲ ಕೂರ್ಸಿದ್ದು ಯಾರು? ಅಕ್ಕನಾ?"

"ನಾನು."

"ಸೀರೆ ಉಡ್ಸಿದ್ದು?"

"ನಾನೇ. ಒಳಗೆ ಟೇಪ್ ಹಾಕಿದೀನಿ."

ಮೊದಲು ಭುಜ ಅಲುಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಎರಡೂ ಇತ್ತು. ಒದ್ದೆ ತಲೆ ನನ್ನ ಭುಜಕ್ಕೆ ಒರಗಿಸಿದಳು. ಶರ್ಟೆಲ್ಲ ಉಪ್ಪುಪ್ಪು. ಒಗೆಯಬಾರದು ಅಂದುಕೊಂಡಿದ್ದೇನೆ.

ಮನೆಗೆ ಬಂದು ವಾಷಿಂಗ್ ಮೆಷಿನ್ ಮೇಲೆ ರೇಷ್ಮೆ ಬಟ್ಟೆ ಹಾಸಿ ರಾಜ ರಾಣಿಯನ್ನು ಕೂರಿಸಿದಳು. ಟೇಪ್ ಕಿತ್ತು ಸೀರೆ ಸರಿಯಾಗಿ ಉಡಿಸಿದಳು. ಇನ್ನು ದಶಮಿಯವರೆಗೆ ಅವರನ್ನು ಏಳಿಸುವ ಹಾಗಿಲ್ಲವಂತೆ. ಅಕ್ಕನಿಗೆ ಫೋನ್ ಮಾಡಿ ಅವಳೇ ಹೇಳಿದಳು.

ಫಾರ್ಮಿನ ಮಾತು ಇನ್ನೂ ಎತ್ತಿಲ್ಲ. ಇಬ್ಬರೂ.


ಸೆಪ್ಟೆಂಬರ್ 29, ಸೋಮವಾರ

ಅವಳು ಆಫೀಸಿಗೆ. ಫ್ಯಾನ್, ಲಾಕ್, ಕಿಟಕಿಯ ಕೊಂಡಿ — ಮುಗಿಯಿತು. ಫಾರ್ಮ್ ಫ್ರಿಜ್ಜಿನ ಮೇಲೆ, ಮ್ಯಾಗ್ನೆಟ್ ಕೆಳಗೆ. ಹೆಸರು, ಎಂಪ್ಲಾಯಿ ನಂಬರ್ ತುಂಬಿದ್ದಾಳೆ. ಕೆಳಗೆ ಎರಡು ಚೌಕ. ಖಾಲಿ. ಹತ್ತು ಸಲ ನೋಡಿರಬಹುದು. ನನ್ನ ಜೇಬಿನಲ್ಲಿ ಪೆನ್ ಇತ್ತು... ಛೆ.

ಸಂಜೆ ಕೆಳಗಡೆ ತಾಸೆ ಡೋಲಿನ ಸದ್ದು. ಹುಲಿವೇಷ. ದಸರಾ ತಪ್ಪಿಸಿಕೊಂಡು ಬಂದರೆ ಇಲ್ಲೂ ದಸರಾ! ಹಳದಿ ಕಪ್ಪು ಬಣ್ಣ ಬಳಿದುಕೊಂಡು ಒಬ್ಬೊಬ್ಬರೂ ಹುಲಿಯೇ. ಆಫೀಸಿನಿಂದ ಆಗ ತಾನೇ ಬಂದ ಶಾಲಿನಿ ವ್ಯಾನಿಟಿ ಬ್ಯಾಗ್ ನನ್ನ ಕೈಗೆ ಕೊಟ್ಟು ಕೆಳಗೆ ಓಡಿದಳು. ಪಕ್ಕದ ಫ್ಲ್ಯಾಟಿನವರ ಜೊತೆ ತುಳುವಿನಲ್ಲಿ ಏನೋ ಅಂದಳು, ಅವರು ನಕ್ಕರು. ಕಾಲು ತಾಳಕ್ಕೆ ತಟ್ಟುತ್ತಿತ್ತು.

ಮೇಲಿನಿಂದ ನೋಡುತ್ತಾ ನಿಂತೆ. ಇವಳು ಸುಖವಾಗಿದ್ದಾಳೆ. ಇಷ್ಟು ಸುಖವಾಗಿರುವವಳನ್ನು ವಾಪಸ್ ಬಾ ಅನ್ನುವುದು ಯಾವ ನ್ಯಾಯ? ಆದರೆ ನನಗೆ ಬೇಕು. ಇವಳು, ಈಗಿನ ಇವಳು, ಸ್ಕೂಟರ್ ಓಡಿಸುವವಳು. ಮೊದಲಿಗಿಂತ ಹೆಚ್ಚು ಬೇಕು.


ಸೆಪ್ಟೆಂಬರ್ 30, ಮಂಗಳವಾರ

ಬಸ್ಸಿನಲ್ಲಿ. ಪುತ್ತೂರು ದಾಟಿದೆ.

ಹೇಳಿದೆ! ಹೇಳಿಬಿಟ್ಟೆ.

ಬಿಡಲು ಬಂದಿದ್ದಳು. ಕಿಟಕಿಯ ಕೆಳಗೆ ನಿಂತು ನೀರಿನ ಬಾಟಲಿ ಕೊಟ್ಟಳು. ಡ್ರೈವರ್ ಸ್ಟಾರ್ಟ್ ಮಾಡಿದ. "ಫಾರ್ಮ್ ನೋಡಿದ್ರಲ್ಲ, ಏನೂ ಹೇಳಲ್ವಾ?" ಅಂದಳು.

ನಾಲಿಗೆಯ ತುದಿಗೆ ಅದೇ ಹಳೇ ಮಾತು ಬಂದು ನಿಂತಿತ್ತು. ನುಂಗಿದೆ. "ವಾಪಸ್ ಬಾ ಶಾಲಿನಿ. ನೀನಿಲ್ದೆ ನಂಗೆ ಆಗ್ತಿಲ್ಲ. ಮೂರು ವರ್ಷದಿಂದ ಆಗ್ತಿಲ್ಲ." ಜೋರಾಗೇ ಹೇಳಿದೆ, ಇಂಜಿನ್ ಸದ್ದಿತ್ತಲ್ಲ. ಪಕ್ಕದ ಸೀಟಿನ ಅಜ್ಜಿ ನನ್ನ ಕಡೆ ತಿರುಗಿದರು.

ಕಿಟಕಿಯ ಸರಳಿನ ಮೇಲಿದ್ದ ನನ್ನ ಕೈ ಮೇಲೆ ಕೈಯಿಟ್ಟಳು. "ಇದನ್ನ ಹೇಳಕ್ಕೆ ಬಸ್ ಸ್ಟಾರ್ಟ್ ಆಗ್ಬೇಕಿತ್ತಾ?"

ಬಸ್ ಹೊರಟಿತು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಿರುವಿನವರೆಗೆ ನಿಂತಿದ್ದಳು.


ಅಕ್ಟೋಬರ್ 2, ಗುರುವಾರ

ವಿಜಯದಶಮಿ. ನಿನ್ನೆ ಆಯುಧಪೂಜೆ ಚೆನ್ನಾಗಿ ಆಯಿತು. ಮಂಟಯ್ಯ ಮೆಷಿನ್‌ಗಳನ್ನು ಕನ್ನಡಿ ಮಾಡಿಟ್ಟಿದ್ದ. ನಾನಿಲ್ಲದೆಯೂ ಎಲ್ಲ ಆಗಿದೆ. ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ.

ಇವತ್ತು ಅಕ್ಕನ ಮನೆಯಲ್ಲಿ ಊಟ. ಜಂಬೂ ಸವಾರಿಗೆ ಅಗ್ರಹಾರದ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಮಹಡಿಯ ಮೇಲಿನಿಂದ ತೋಪಿನ ಸದ್ದು ಎಣಿಸಿದೆವು. ಇಡೀ ಊರಿಗೆ ಊರೇ ಬೀದಿಯಲ್ಲಿ, ಲೈಟು, ಬ್ಯಾಂಡು. ನನಗೆ ಮಾತ್ರ ಊರು ಖಾಲಿ.

ಬೊಂಬೆ ಮಲಗಿಸಿದೆ ಅಂತ ಶಾಲಿನಿಯ ಮೆಸೇಜ್. ಬೇರೆ ಏನೂ ಇಲ್ಲ. ನಾನೂ ಕೇಳಲಿಲ್ಲ. ಇನ್ನು ನಾಲ್ಕು ದಿನ.


ಅಕ್ಟೋಬರ್ 6, ಸೋಮವಾರ

11.40. ಫೋಟೋ ಬಂತು. ಫಾರ್ಮ್. ಟಿಕ್ — ಮಂಗಳೂರು. ಇನ್ನೂ ಮೂರು ವರ್ಷ. ಕೆಳಗೆ ಸಹಿ, ಸೀಲು.

ಕಟಿಂಗ್ ಮೆಷಿನ್ ಹಿಂದೆ ಹೋಗಿ ನಿಂತೆ. ಅಲ್ಲಿ ಯಾರೂ ಬರುವುದಿಲ್ಲ.

ರಾತ್ರಿ 8. ಸಂಜೆ ಫೋನ್ ಮಾಡಿದಳು.

"ನೋಡಿದ್ರಾ?"

"ನೋಡಿದೆ."

"ಬೇಜಾರಾಯ್ತಾ?"

"ತುಂಬಾ ಆಯ್ತು."

"ಟಿಕ್ ಮಾಡೋದು ನಂಗೂ ಸುಲಭ ಆಗ್ಲಿಲ್ಲ ಕಣ್ರೀ" ಅಂದಳು. "ಬಸ್ ಸ್ಟ್ಯಾಂಡಲ್ಲಿ ಹೇಳಿದ್ರಲ್ಲ, ಅದನ್ನ ಮೂರು ವರ್ಷದ ಹಿಂದೆ ಹೇಳಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ. ಈಗ ಬಂದ್ಬುಟ್ಟಿದೀನಿ. ಈ ಊರು ನಂಗೆ ಹಿಡಿಸಿದೆ. ಬೆಳಿಗ್ಗೆ ಏಳಕ್ಕೆ ಖುಷಿ ಆಗುತ್ತೆ. ಅದನ್ನ ಬಿಟ್ಟು ಬಂದ್ರೆ ದಿನಾ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡೇ ಇರ್ತೀನಿ. ಅದು ಬೇಡ."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಕೇಳಿಸ್ತಿದೆಯಾ? ಕೇಳಿ. ನೀವು ನನ್ನ ಕರೆದ್ರಿ. ಈಗ ನಾನು ಕರೀತಾ ಇದೀನಿ. ನೀವು ಬನ್ನಿ. ಟೂರಿಗಲ್ಲ. ಇರಕ್ಕೆ ಬನ್ನಿ. ಬೈಕಂಪಾಡಿಲಿ ಅಷ್ಟೊಂದು ಫ್ಯಾಕ್ಟ್ರಿ ಇದಾವೆ, ನಿಮ್ಮಂಥೋರನ್ನ ಬೇಡ ಅಂತಾರಾ? ಸುಷ್ಮಿತಾ ಭಾವ ಅಲ್ಲೊಂದು ಪ್ಲಾಂಟಲ್ಲಿದಾರೆ, ಕೇಳಿದೀನಿ. ನಾಳೆನೇ ಹೇಳ್ಬೇಕು ಅಂತೇನಿಲ್ಲ. ಯೋಚ್ನೆ ಮಾಡಿ. ಆದ್ರೆ ಮಾಡಿ."

ಇಟ್ಟಳು.

ಬಾಡಿಗೆ ಮನೆ. ಮಕ್ಕಳಿಲ್ಲ, ಆ ಮಾತು ಮುಗಿದು ಹತ್ತು ವರ್ಷ. ಅಕ್ಕನಿಗೆ ಅವಳ ಸಂಸಾರ ಇದೆ. ಫ್ಯಾಕ್ಟರಿಗೆ ಮಂಟಯ್ಯ ಇದ್ದಾನೆ. ಅವಳು ಬರಬೇಕು, ಬರಲಿಲ್ಲ, ಬರುತ್ತಾಳಾ — ಮೂರು ವರ್ಷ ಇದೇ ಲೆಕ್ಕ ಹಾಕಿದ್ದ ತಲೆಗೆ, ನಾನು ಹೋಗಬಹುದು ಅಂತ ಒಂದು ಸಲವೂ ಹೊಳೆಯಲಿಲ್ಲವಲ್ಲ. ಇಷ್ಟು ದೊಡ್ಡ ಬಾಗಿಲು ಕಾಣಲಿಲ್ಲವಲ್ಲ ನನಗೆ.

ಹೆದರಿಕೆ ಆಗುತ್ತಿದೆ. ನಲವತ್ತೆಂಟು ವರ್ಷ ಈ ಊರು ಬಿಟ್ಟು ಇದ್ದವನಲ್ಲ. ಆ ಸೆಕೆ, ಆ ಕುಚ್ಚಲಕ್ಕಿ, ಆ ತುಳು. ಹೊಸ ಜಾಗದಲ್ಲಿ ಹೊಸ ಹುಡುಗರ ಕೆಳಗೆ ಕೆಲಸ.


ಅಕ್ಟೋಬರ್ 7, ಮಂಗಳವಾರ. ಬೆಳಿಗ್ಗೆ 6

ಫ್ಯಾಕ್ಟರಿಯ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ. ಹೆದರಿಕೆ ಹೋಗಿಲ್ಲ, ಆದರೂ ರಾಜೀನಾಮೆ ಪತ್ರ ಬರೆಯಲು ಕೂತಿದ್ದೇನೆ. ಮೊದಲು ಇಲ್ಲಿ ಒಂದು ಸಲ ಬರೆದು, ಆಮೇಲೆ ಒಳ್ಳೆ ಹಾಳೆಗೆ.

ಮಾನ್ಯರೇ, ನಾನು ಇಪ್ಪತ್ತಮೂರು ವರ್ಷಗಳಿಂದ ತಮ್ಮ ಸಂಸ್ಥೆಯಲ್ಲಿ ಸೇವೆ ಸಲ್ಲಿಸುತ್ತಿದ್ದು, ಈ ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

ಇಲ್ಲಿಯವರೆಗೆ ಸುಲಭ. ಮುಂದೆ ಕಾರಣ ಬೇಕು. ಸ್ವಂತ ಕಾರಣಗಳಿಂದ ಅಂತ ಬರೆದು ಹೊಡೆದುಹಾಕಿದೆ. ಎಲ್ಲರೂ ಅದನ್ನೇ ಬರೆಯುತ್ತಾರೆ. ಅನಾರೋಗ್ಯ ಅಂತ ಬರೆದೆ. ಸುಳ್ಳು. ಅದನ್ನೂ ಹೊಡೆದುಹಾಕಿದೆ. ಮ್ಯಾನೇಜರ್ ಕನ್ನಡಕ ತೆಗೆದು ನೋಡಿದರೆ ನೋಡಲಿ.

ಕಾರಣ: ನನ್ನ ಹೆಂಡತಿ ಕರೆದಿದ್ದಾಳೆ. ನನಗೂ ಅವಳು ಬೇಕು.